ಹಾಡಿನಲ್ಲಿ ಬರುವ ಇಂಗ್ಲಿಷ್ ನಮ್ಮ ಕಿವಿಗೆ ಬೇರೆಯಾಗಿ ಕೇಳಿಸುವುದೇಕೆ?

ಪ್ರಶ್ನೆ – ಕಪ್ಪುಹಲಗೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ 14 ವರ್ಷಗಳಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಕೇಳಿಸಿಕೊಳ್ಳುವ ಅಭ್ಯಾಸವಾಗಲೆಂದು ಕಳೆದ ತಿಂಗಳು ಒಂದು ಇಂಗ್ಲಿಷ್ ಹಾಡನ್ನು ಮೂರು ಸಲ ಕೇಳಿಸಿ, ಸಾಹಿತ್ಯದಲ್ಲಿ ನಾನು ಖಾಲಿ ಬಿಟ್ಟಿದ್ದ 12 ಪದಗಳನ್ನು ತುಂಬಲು ಹೇಳಿದೆ. ಹಾಡಿದವರು ಇಂಗ್ಲೆಂಡಿನವರು, ಬಿಟ್ಟ ಪದಗಳೆಲ್ಲವೂ ಏಳನೆಯ ತರಗತಿಯ ಮಕ್ಕಳಿಗೂ ಗೊತ್ತಿರುವಂಥವು. ಹಾಗಿದ್ದರೂ ‘ವೇಟಿಂಗ್’ ಬರಬೇಕಾದ ಕಡೆ ಅರ್ಧ ತರಗತಿ ‘ವೆಡ್ಡಿಂಗ್’ ಎಂದು ಬರೆದಿತ್ತು. ‘ಲೈಫ್’ ಎಂಬುದು ಅನೇಕರಿಗೆ ‘ಲಾಫ್’ ಎಂದು, ಅಂದರೆ ನಗುವೆಂಬ ಅರ್ಥದ ಪದವಾಗಿ ಕೇಳಿಸಿತ್ತು. ‘ಹಾರ್ಟ್’ ಹೋಗಿ ‘ಹಾರ್ಡ್’ ಆಗಿತ್ತು. ‘ಕಾಂಟ್’ ಇದ್ದ ಜಾಗದಲ್ಲಿ ‘ಕ್ಯಾನ್’ ಎಂದು ಬರೆದವರೇ ಹೆಚ್ಚಾಗಿದ್ದುದರಿಂದ ಆ ಸಾಲಿನ ಅರ್ಥವೇ ತಲೆಕೆಳಗಾಗಿತ್ತು.

ಮನೆಗೆ ಬಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದೇ ಹಾಡನ್ನು ಮತ್ತೆ ಕೇಳಿದೆ. ಮುದ್ರಿತ ಸಾಹಿತ್ಯ ಕೈಯಲ್ಲಿ ಇಲ್ಲದಿದ್ದರೆ ನಾನೂ ‘ವೆಡ್ಡಿಂಗ್’ ಎಂದೇ ಬರೆಯುತ್ತಿದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಬಿಬಿಸಿ ವಾರ್ತೆಯನ್ನು ನಾನು ಒಂದು ಪದವೂ ತಪ್ಪದೆ ಕೇಳುತ್ತೇನೆ. ಅದೇ ದೇಶದವರ ಹಾಡು ಮಾತ್ರ ಅರ್ಧಕ್ಕರ್ಧ ಕೈತಪ್ಪಿ ಹೋಗುತ್ತದೆ.

ಹಿರಿಯ ಸಹೋದ್ಯೋಗಿಯೊಬ್ಬರು, ಹಾಡುಗಾರರ ಉಚ್ಚಾರವೇ ಅಶುದ್ಧ, ಅದನ್ನು ಕೇಳಿಸಿ ಮಕ್ಕಳ ಇಂಗ್ಲಿಷ್ ಕೆಡಿಸಬೇಡಿ ಎಂದರು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಒಬ್ಬ ವಿದ್ಯಾರ್ಥಿನಿಯ ಮಾತು. ಬರವಣಿಗೆಯಲ್ಲಿ ತರಗತಿಗೇ ಮುಂದಿರುವ ಆ ಹುಡುಗಿಗೆ 12ರಲ್ಲಿ ಮೂರು ಮಾತ್ರ ಸರಿಯಾಗಿದ್ದವು. “ಮೇಡಂ, ನಮ್ಮ ಕಿವಿ ಇಂಗ್ಲಿಷಿಗೆ ಆಗಿ ಬರುವುದಿಲ್ಲವೇನೋ” ಎಂದು ಹೇಳಿ ಅವಳು ಹಾಳೆ ಮಡಚಿ ಚೀಲದೊಳಗೆ ಇಟ್ಟುಕೊಂಡಳು. ಅವಳಿಗೆ ಸಮಾಧಾನ ಹೇಳಿ ಕಳಿಸುವುದು ನನಗೆ ಬೇಕಿಲ್ಲ, ಸರಿಯಾದ ಉತ್ತರ ಕೊಡಬೇಕಾಗಿದೆ. ಇಂಗ್ಲಿಷ್ ಮನೆಮಾತಾಗಿರುವವರಿಗೆ ಈ ಹಾಡುಗಳು ಸ್ಪಷ್ಟವಾಗಿ ಕೇಳಿಸುತ್ತವೆಯೇ? ಇಂಗ್ಲೆಂಡಿನವರು ಮಾತಾಡುವಾಗ ಒಂದು ಬಗೆ, ಹಾಡುವಾಗ ಇನ್ನೊಂದು ಬಗೆ ಉಚ್ಚರಿಸುವುದು ಏಕೆ? ಹಾಡುಗಳನ್ನು ತರಗತಿಯಲ್ಲಿ ಬಳಸುವುದು ತಪ್ಪೇ?

ಉತ್ತರ – ಕಿವಿಮಾತು

ಮೇಡಂ, ಆ ಹುಡುಗಿಗೆ ಮೊದಲು ಹೇಳಬೇಕಾದದ್ದೆಂದರೆ, ಅವಳ ಕಿವಿ ತನ್ನತ್ತ ಬಂದ ಧ್ವನಿಯನ್ನು ಸರಿಯಾಗಿಯೇ ಹಿಡಿದಿದೆ. ನಾನು ವಾಕ್ ಮತ್ತು ಶ್ರವಣ ವಿಷಯವನ್ನು ಓದಿ ಅದೇ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವವಳು. ನೀವು ಬರೆದಿರುವ ನಾಲ್ಕು ತಪ್ಪುಗಳನ್ನು ಓದಿದ ಕೂಡಲೇ ಅವುಗಳ ಹಿಂದೆ ಒಂದೇ ಕಾರಣವಿರುವುದು ಕಾಣಿಸಿತು. ಹಾಡಿದವರು ಇಂಗ್ಲೆಂಡಿನವರಾದರೂ ಹಾಡಿರುವುದು ಅಮೆರಿಕದ ಆ್ಯಕ್ಸೆಂಟಿನಲ್ಲಿ, ಅದರಲ್ಲೂ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದ ರಾಜ್ಯಗಳ ಛಾಯೆಯಲ್ಲಿ. ನಮ್ಮ ಶಾಲೆಗಳಲ್ಲಿ ಕಲಿಸುವ ಇಂಗ್ಲಿಷ್ ದಕ್ಷಿಣ ಇಂಗ್ಲೆಂಡಿನ ಉಚ್ಚಾರವನ್ನು ಮಾದರಿಯಾಗಿ ಇಟ್ಟುಕೊಂಡದ್ದು. ಮಕ್ಕಳು ಕಾಯುತ್ತಿದ್ದ ಧ್ವನಿ ಒಂದು, ಬಂದ ಧ್ವನಿ ಮತ್ತೊಂದು.

ಒಂದೊಂದಾಗಿ ನೋಡೋಣ. ಅಮೆರಿಕದ ಮಾತಿನಲ್ಲಿ ಎರಡು ಸ್ವರಗಳ ನಡುವೆ ಬರುವ ಒತ್ತಿಲ್ಲದ ಟಕಾರವನ್ನು ಪೂರ್ತಿಯಾಗಿ ತಡೆದು ಬಿಡುವುದಿಲ್ಲ. ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದಿನ ಏಣನ್ನು ಒಂದೇ ಸಲ ತಟ್ಟಿ ಕೆಳಗಿಳಿಯುತ್ತದೆ. ನಮ್ಮ ಕಿವಿಗೆ ಅದು ಡಕಾರಕ್ಕೂ ರಕಾರಕ್ಕೂ ನಡುವಿನ ಧ್ವನಿಯಾಗಿ ಕೇಳಿಸುತ್ತದೆ. ಹಾಗಾಗಿ ‘ವಾಟರ್’ ಎಂಬುದು ‘ವಾಡರ್’ ಆಗುತ್ತದೆ, ‘ವೇಟಿಂಗ್’ ಎಂಬುದು ‘ವೇಡಿಂಗ್’ ಆಗುತ್ತದೆ. ಆಮೇಲೆ ಉಳಿಯುವುದು ‘ವೇ’ ಮತ್ತು ‘ವೆ’ಗಳ ವ್ಯತ್ಯಾಸ ಮಾತ್ರ, ಅದನ್ನೂ ರಾಗ ತನ್ನ ಅಳತೆಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಅಳಿಸಿ ಹಾಕುತ್ತದೆ. ‘ಹಾರ್ಟ್’ ಮುಂದೆ ಸ್ವರದಿಂದ ಶುರುವಾಗುವ ಪದ ಬಂದಿದ್ದರೆ ಅಲ್ಲಿ ಆಗಿರುವುದೂ ಇದೇ. ಇನ್ನು ‘ಲೈಫ್’, ‘ಮೈ’, ‘ಟೈಮ್’ ಮುಂತಾದ ಪದಗಳಲ್ಲಿರುವ ‘ಐ’ಯ ಎರಡನೆಯ ಭಾಗ ಅಮೆರಿಕದ ದಕ್ಷಿಣದವರ ಬಾಯಲ್ಲಿ ಬಿದ್ದುಹೋಗಿ, ‘ಲಾಫ್’, ‘ಮಾ’, ‘ಟಾಮ್’ ಎನ್ನುವಂತೆ ಕೇಳಿಸುತ್ತದೆ. ನಗು ಎಂಬ ಅರ್ಥದ ಪದವನ್ನು ಅಮೆರಿಕದವರು ‘ಲ್ಯಾಫ್’ ಎನ್ನುವುದರಿಂದ ಅವರಿಗೆ ಗೊಂದಲವಿಲ್ಲ. ನಾವು ಅದನ್ನು ‘ಲಾಫ್’ ಎಂದೇ ಕಲಿತಿರುವುದರಿಂದ ನೇರವಾಗಿ ಅಲ್ಲಿಗೇ ಹೋಗಿ ಬೀಳುತ್ತೇವೆ.

‘ಕಾಂಟ್’ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ನಾವು ಕಲಿತ ರೀತಿಯಲ್ಲಿ ‘ಕ್ಯಾನ್’ ಮತ್ತು ‘ಕಾಂಟ್’ ಬೇರೆಯಾಗುವುದು ಮುಖ್ಯವಾಗಿ ಸ್ವರದಿಂದ. ಅಮೆರಿಕದವರು ಎರಡಕ್ಕೂ ಒಂದೇ ‘ಆ್ಯ’ ಸ್ವರವನ್ನು ಬಳಸುತ್ತಾರೆ, ಕೊನೆಯ ಟಕಾರವನ್ನು ಬಾಯೊಳಗೇ ನುಂಗುತ್ತಾರೆ. ಅವರು ಎರಡನ್ನೂ ಬೇರ್ಪಡಿಸಿ ಕೇಳುವುದು ಬಹುಮಟ್ಟಿಗೆ ಒತ್ತಿನ ಬಲದಿಂದ: ಹೌದೆನ್ನುವ ವಾಕ್ಯದಲ್ಲಿ ಅದು ಸವೆದು ‘ಕನ್’ ಆಗುತ್ತದೆ, ಇಲ್ಲವೆನ್ನುವಾಗ ಪೂರ್ತಿ ‘ಕ್ಯಾನ್’ ಆಗಿಯೇ ನಿಲ್ಲುತ್ತದೆ. ಹಾಡಿನಲ್ಲಿ ಒತ್ತನ್ನು ನಿರ್ಧರಿಸುವುದು ತಾಳ. ಸವೆಯಬೇಕಾದ ಪದ ದೀರ್ಘವಾದ ಜಾಗದಲ್ಲಿ ಕುಳಿತರೆ ಆ ಗುರುತೂ ಹೋಗುತ್ತದೆ.

ಆ್ಯಕ್ಸೆಂಟಿನ ಜೊತೆಗೆ ಹಾಡುವಿಕೆಯೇ ತರುವ ತೊಡಕೊಂದಿದೆ. ಕನ್ನಡದಲ್ಲಿ ಸ್ವರವೆಂಬ ಒಂದೇ ಪದ ವ್ಯಾಕರಣಕ್ಕೂ ಸಂಗೀತಕ್ಕೂ ಇರುವುದರಿಂದ, ಮುಂದೆ ಅಆಇಈಗಳನ್ನು ಮಾತ್ರ ಸ್ವರ ಎನ್ನುತ್ತೇನೆ, ಸಂಗೀತದ್ದನ್ನು ಸ್ಥಾಯಿ ಎನ್ನುತ್ತೇನೆ. ನಾವು ಸ್ವರಗಳನ್ನು ಗುರುತಿಸುವುದು ಬಾಯಿ ಮತ್ತು ಗಂಟಲಿನ ಪೊಳ್ಳು ಯಾವ ಕಂಪನಗಳನ್ನು ಎತ್ತಿ ಕೊಡುತ್ತದೆ ಎಂಬುದರಿಂದ. ‘ಈ’ಕಾರದ ಮೊದಲ ಅನುರಣನ ಸುಮಾರು 300 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ, ‘ಆ’ಕಾರದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಮಹಿಳೆಯರ ಮಾತಿನ ಸ್ಥಾಯಿ ಸಾಮಾನ್ಯವಾಗಿ 200 ಹರ್ಟ್ಸ್ ಹತ್ತಿರವಿರುವುದರಿಂದ ಮಾತಿನಲ್ಲಿ ತೊಂದರೆಯಿಲ್ಲ. ಆದರೆ ತಾರಸ್ಥಾಯಿಯ ಗಾಯಕಿ 900 ಹರ್ಟ್ಸ್‌ನಲ್ಲಿ ಹಾಡುತ್ತಿದ್ದರೆ ಆ ಧ್ವನಿಯಲ್ಲಿರುವುದು 900, 1800, 2700 ಹೀಗೆ ದೂರದೂರದ ಅಂಶಗಳು ಮಾತ್ರ. 300ರ ಸುತ್ತ ಏನೂ ಇರುವುದಿಲ್ಲ. ಸಾಲದ್ದಕ್ಕೆ ಮೇಲೇರಿದಂತೆಲ್ಲ ಬಾಯಿ ಅಗಲವಾಗಿ ತೆರೆಯುತ್ತದೆ. ಅಲ್ಲಿ ಈಕಾರ, ಊಕಾರಗಳೆಲ್ಲವೂ ಆಕಾರದ ಕಡೆಗೆ ಸರಿಯುತ್ತವೆ, ಯಾವ ದೇಶದ ಕಿವಿಗೂ ಅವು ಬೇರೆಬೇರೆಯಾಗಿ ಸಿಗುವುದಿಲ್ಲ. ಜನಪ್ರಿಯ ಗೀತೆಗಳು ಅಷ್ಟು ಮೇಲಕ್ಕೆ ಹೋಗುವುದು ಅಪರೂಪ. ಅವುಗಳಲ್ಲಿ ಡ್ರಮ್ಸ್‌ನ ತಾಳದ ತಟ್ಟೆಗಳ ಸದ್ದು ಸಕಾರ, ಫಕಾರ, ಥಕಾರಗಳ ಮೇಲೆಯೇ ಬಂದು ಕೂರುತ್ತದೆ. ವ್ಯಂಜನ ಮುಚ್ಚಿಹೋದ ಮೇಲೆ ಖಾಲಿ ಜಾಗವನ್ನು ತುಂಬುವುದು ಕೇಳುಗರ ಊಹೆ, ಆ ಊಹೆ ಹುಟ್ಟುವುದು ಅವರಿಗೆ ಪರಿಚಯವಿರುವ ಆ್ಯಕ್ಸೆಂಟಿನಿಂದ.

ಉತ್ತರ – ಎಡಿನ್‌ಬರೋ ನಿವಾಸಿ

ನಾನು ಧಾರವಾಡದವನು, ಸ್ಕಾಟ್ಲೆಂಡಿಗೆ ಬಂದು ನೆಲೆಸಿ ಹನ್ನೊಂದು ವರ್ಷವಾಯಿತು. ಮೇಲಿನವರು ಬರೆದಿರುವುದಕ್ಕೆ ಇಲ್ಲಿನ ಅನುಭವದಿಂದ ಒಂದೆರಡು ಮಾತು ಸೇರಿಸುತ್ತೇನೆ.

ಇಂಗ್ಲಿಷ್ ಮನೆಮಾತಾದವರೂ ತಪ್ಪಾಗಿ ಕೇಳುತ್ತಾರೆ; ಎಷ್ಟರಮಟ್ಟಿಗೆಂದರೆ ಹಾಗೆ ತಪ್ಪಾಗಿ ಕೇಳಿದ ಪದಗಳಿಗೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ, ‘ಮಾಂಡಗ್ರೀನ್’. ಅದು ಹುಟ್ಟಿದ್ದು ಈ ಸ್ಕಾಟ್ಲೆಂಡಿನ ಒಂದು ಲಾವಣಿಯಿಂದ. 1592ರಲ್ಲಿ ಕೊಲೆಯಾದ ಮರಿ ಪ್ರಾಂತದ ಅರ್ಲ್‌ನನ್ನು ಕುರಿತ ಆ ಲಾವಣಿಯಲ್ಲಿ, ಅವನನ್ನು ಕೊಂದು ‘ಲೇಯ್ಡ್ ಹಿಮ್ ಆನ್ ದ ಗ್ರೀನ್’, ಅಂದರೆ ಹುಲ್ಲಿನ ಮೇಲೆ ಮಲಗಿಸಿದರು ಎಂದಿದೆ. ಸಿಲ್ವಿಯಾ ರೈಟ್ ಎಂಬ ಅಮೆರಿಕದ ಲೇಖಕಿಗೆ ಚಿಕ್ಕಂದಿನಲ್ಲಿ ತಾಯಿ ಇದನ್ನು ಓದಿ ಹೇಳುತ್ತಿದ್ದಾಗ ಅದು ‘ಲೇಡಿ ಮಾಂಡಗ್ರೀನ್’ ಎಂದು ಕೇಳಿಸಿ, ಅರ್ಲ್‌ನ ಜೊತೆಗೆ ಒಬ್ಬ ಹೆಣ್ಣುಮಗಳೂ ಸತ್ತಳೆಂದು ಅವರು ಬಹಳ ಕಾಲ ನಂಬಿದ್ದರಂತೆ. 1954ರಲ್ಲಿ ಹಾರ್ಪರ್ಸ್ ಪತ್ರಿಕೆಗೆ ಬರೆದ ಪ್ರಬಂಧದಲ್ಲಿ ಅವರು ಈ ಪದವನ್ನು ಹುಟ್ಟುಹಾಕಿದರು. ತಾಯಿಯೇ ಓದಿ ಹೇಳಿದ ಸಾಲು ಮಗಳಿಗೆ ಹಾಗೆ ಕೇಳಿಸಿತೆಂದರೆ, ವಾದ್ಯಗಳ ನಡುವೆ ಬಂದ ಸಾಲನ್ನು ನಿಮ್ಮ ವಿದ್ಯಾರ್ಥಿನಿ ತಪ್ಪಾಗಿ ಕೇಳಿದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇದಕ್ಕಿಂತ ಮುಖ್ಯವಾದುದು, ಯಾವ ಆ್ಯಕ್ಸೆಂಟಿನವರು ಎಲ್ಲಿ ಎಡವುತ್ತಾರೆ ಎಂಬುದು. 1969ರಲ್ಲಿ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡ ಹಾಡಿದ ‘ಬ್ಯಾಡ್ ಮೂನ್ ರೈಸಿಂಗ್’ ಎಂಬ ಹಾಡಿನ ‘ಬ್ಯಾಡ್ ಮೂನ್ ಆನ್ ದ ರೈಸ್’ ಎಂಬುದು ಅಮೆರಿಕದ ಎಷ್ಟೋ ಜನರಿಗೆ ‘ಬಲಗಡೆ ಸ್ನಾನದ ಮನೆಯಿದೆ’ ಎಂಬಂತೆ, ‘ಬ್ಯಾಥ್‌ರೂಮ್ ಆನ್ ದ ರೈಟ್’ ಎಂದು ಕೇಳಿಸುತ್ತದೆ. ಅದನ್ನು ಬರೆದು ಹಾಡಿದ ಜಾನ್ ಫೋಗರ್ಟಿ ಅವರೇ ವೇದಿಕೆಯ ಮೇಲೆ ಆ ತಪ್ಪು ಸಾಲನ್ನು ಹಾಡಿರುವುದುಂಟು. ಅಮೆರಿಕದವರಿಗೆ ‘ಬ್ಯಾಡ್’ ಮತ್ತು ‘ಬ್ಯಾಥ್’ ಎರಡರಲ್ಲೂ ಒಂದೇ ಸ್ವರ. ದಕ್ಷಿಣ ಇಂಗ್ಲೆಂಡಿನವರಿಗೂ ‘ಬಾತ್‌ರೂಮ್’ ಎನ್ನುವ ನಮಗೂ ಅದು ಆಕಾರ. ಆದ್ದರಿಂದ ಆ ಹಳ್ಳಕ್ಕೆ ನಾವು ಅಷ್ಟು ಸುಲಭವಾಗಿ ಬೀಳುವುದಿಲ್ಲ.

ಜಿಮಿ ಹೆಂಡ್ರಿಕ್ಸ್ ಅವರ 1967ರ ‘ಪರ್ಪಲ್ ಹೇಜ್’ ಹಾಡಿನಲ್ಲಿ ಬರುವ ‘ಕಿಸ್ ದ ಸ್ಕೈ’ ಎಂಬುದು ‘ಕಿಸ್ ದಿಸ್ ಗೈ’ ಎಂದು ಕೇಳಿಸುವುದು ಇನ್ನೂ ಪ್ರಸಿದ್ಧ. ಇದನ್ನು ವಿವರಿಸುವ ಸಾಮಗ್ರಿ ಕನ್ನಡದ ವರ್ಣಮಾಲೆಯಲ್ಲೇ ಇದೆ. ಇಂಗ್ಲಿಷಿನವರು ಪದದ ಮೊದಲಲ್ಲಿ ಬರುವ ಕಕಾರವನ್ನು ಉಸಿರು ಹೊರಹಾಕಿ ಖಕಾರದಂತೆ ಹೇಳುತ್ತಾರೆ. ಸಕಾರದ ಬೆನ್ನಿಗೆ ಬಂದಾಗ ಮಾತ್ರ ಅದು ನಮ್ಮ ಶುದ್ಧ ಅಲ್ಪಪ್ರಾಣ ಕಕಾರವಾಗುತ್ತದೆ. ಉಸಿರಿಲ್ಲದ ಕಕಾರ ಪದದ ಮೊದಲಲ್ಲಿ ಕೇಳಿದರೆ ಅವರ ಕಿವಿ ಅದನ್ನು ಗಕಾರವೆಂದು ತೀರ್ಮಾನಿಸುತ್ತದೆ. ಹಾಡಿನ ಓಟದಲ್ಲಿ ಸಕಾರ ಹಿಂದಿನ ಪದಕ್ಕೆ ಅಂಟಿಕೊಂಡಿತೆಂದರೆ ಆಕಾಶ ಹೋಗಿ ಒಬ್ಬ ಗಂಡಸು ಬಂದು ನಿಲ್ಲುತ್ತಾನೆ. ಕ, ಖ, ಗ ಮೂರನ್ನೂ ಬೇರೆಬೇರೆಯಾಗಿ ಹಿಡಿಯುವ ಕನ್ನಡದ ಕಿವಿಗೆ ಈ ತೊಡಕು ಬರಲು ಕಾರಣವಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇಂಗ್ಲೆಂಡಿನ ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ 1983ರಲ್ಲಿ ಇದನ್ನೇ ಕುರಿತು ಬರೆದರು. ಬ್ಲೂಸ್, ರಾಕ್ ಅಂಡ್ ರೋಲ್ ಎಲ್ಲವೂ ಅಮೆರಿಕದ ದಕ್ಷಿಣದ ಕಪ್ಪು ಜನರ ಸಂಗೀತದಿಂದ ಬೆಳೆದವು. ಆ ಸಂಗೀತವನ್ನು ಗುರುವಾಗಿ ಸ್ವೀಕರಿಸಿದ ಬ್ರಿಟಿಷ್ ಹುಡುಗರು ಅದರ ಉಚ್ಚಾರವನ್ನೂ ಸ್ವೀಕರಿಸಿದರು. ಕೆಂಟ್ ಪ್ರಾಂತದ ಡಾರ್ಟ್‌ಫರ್ಡ್‌ನ ಮಿಕ್ ಜ್ಯಾಗರ್ ಹಾಡಿನಲ್ಲಿ ‘ಕ್ಯಾಂಟ್’ ಎನ್ನುವುದು ಇದರಿಂದಲೇ. ಲಿವರ್‌ಪೂಲ್‌ನ ಬೀಟಲ್ಸ್ 1963ರಲ್ಲಿ ಹಾಡಿದ ‘ಟಿಲ್ ದೇರ್ ವಾಸ್ ಯೂ’ ಹಾಡಿನಲ್ಲಿ ಪಾಲ್ ಮೆಕಾರ್ಟ್ನಿ, ನೋಡಿದೆ ಎಂಬ ಅರ್ಥದ ‘ಸಾ’ ಎಂಬ ಇಂಗ್ಲಿಷ್ ಪದಕ್ಕೆ, ಅಲ್ಲಿ ಇಲ್ಲವೇ ಇಲ್ಲದ ರಕಾರವೊಂದನ್ನು ಸೇರಿಸಿ ಹಾಡಿದ್ದನ್ನು ಟ್ರಡ್ಗಿಲ್ ಗುರುತಿಸಿದ್ದಾರೆ. ಅಮೆರಿಕದವರು ರಕಾರ ಬಿಡುವುದಿಲ್ಲವೆಂದು ತಿಳಿದಿದ್ದ ನಾಲಗೆ ಬೇಡದ ಕಡೆಯೂ ಅದನ್ನು ತಂದಿತು. ಬೀಟಲ್ಸ್ ತಮ್ಮದೇ ದಾರಿ ಕಂಡುಕೊಂಡಂತೆ ಈ ರಕಾರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋದವು. ಇದು ಅಶುದ್ಧಿಯಲ್ಲ, ಪ್ರತಿಯೊಂದು ಸಂಗೀತಕ್ಕೂ ತನ್ನದೇ ನುಡಿಯ ಧಾಟಿಯಿರುತ್ತದೆ ಎಂಬುದಕ್ಕೆ ಸಾಕ್ಷಿ. ನಮ್ಮೂರಿನ ಕಡೆಯ ಗೀಗೀ ಪದವನ್ನು ಮೈಸೂರಿನ ಗ್ರಾಂಥಿಕ ಕನ್ನಡದಲ್ಲಿ ಹಾಡಿದರೆ ಅದು ಗೀಗೀ ಪದವಾಗಿ ಉಳಿದೀತೇ?

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದವರೂ ಇದ್ದಾರೆ. ಸ್ಕಾಟ್ಲೆಂಡಿನ ಅವಳಿ ಸೋದರರಾದ ಪ್ರೊಕ್ಲೇಮರ್ಸ್ ತಮ್ಮ ಊರಿನ ಆ್ಯಕ್ಸೆಂಟಿನಲ್ಲೇ ಹಾಡಿದರು. ರಕಾರವನ್ನು ಎಸೆಯಿರಿ ಎನ್ನುವವರಿಗೆ ಉತ್ತರವಾಗಿ 1987ರಲ್ಲಿ ಒಂದು ಹಾಡನ್ನೇ ಕಟ್ಟಿದರು. ಐನೂರು ಮೈಲಿಯ ಅವರ 1988ರ ಹಾಡು ನನಗೆ ಮೊದಲ ಸಲಕ್ಕೇ ಬಹುಪಾಲು ಸಿಕ್ಕಿತು. ಅವರ ರಕಾರ ನಮ್ಮ ರಕಾರದಂತೆ ನಾಲಗೆ ತಟ್ಟಿ ಬರುವುದೇ ಅದಕ್ಕೆ ಕಾರಣವಿರಬೇಕು. ತೊಡಕಾದದ್ದು ‘ಹೇವರ್’ ಎಂಬ ಒಂದೇ ಒಂದು ಸ್ಕಾಟ್ಸ್ ಪದ. ಅದಕ್ಕೆ ಅರ್ಥವಿಲ್ಲದ್ದನ್ನು ಹರಟುವುದು ಎಂದರ್ಥ.

ಉತ್ತರ – ಆಲ್ಟೊ ಸಾಲು

ಮಂಗಳೂರಿನ ಒಂದು ಚರ್ಚಿನ ಗಾಯಕವೃಂದದಲ್ಲಿ ಇಪ್ಪತ್ತು ವರ್ಷಗಳಿಂದ ಹಾಡುತ್ತಿದ್ದೇನೆ. ಇಲ್ಲಿ ಚರ್ಚೆ ಅಮೆರಿಕ ಮತ್ತು ಇಂಗ್ಲೆಂಡುಗಳ ನಡುವೆಯೇ ನಿಂತಿದೆ ಎನ್ನಿಸಿತು. ಗಾಯಕವೃಂದದ ಇಂಗ್ಲಿಷ್ ಎಂಬ ಮೂರನೆಯದೊಂದಿದೆ. ಅದನ್ನು ಯಾವ ಊರಿನಲ್ಲೂ ಯಾರೂ ಮಾತಾಡುವುದಿಲ್ಲ.

ನಮಗೆ ಕಲಿಸುವ ಮೊದಲ ಪಾಠವೇ ‘ಐ’ಕಾರವನ್ನು ಸೀಳುವುದು. ‘ನೈಟ್’ ಎಂಬ ಪದ ನಾಲ್ಕು ಮಾತ್ರೆ ನಿಲ್ಲಬೇಕಾಗಿದ್ದರೆ ಮೂರೂಮುಕ್ಕಾಲು ಮಾತ್ರೆ ‘ನಾ’ ಎಂದು ಹಿಡಿದು, ಕೊನೆಯ ಕಾಲು ಮಾತ್ರೆಯಲ್ಲಿ ‘ಇಟ್’ ಎಂದು ಮುಚ್ಚಬೇಕು. ಇಕಾರವನ್ನು ಬೇಗ ತಂದರೆ ಮೂವತ್ತು ಜನರ ಧ್ವನಿ ಕಿರಿದಾಗಿ ಚುಚ್ಚುತ್ತದೆ. ವ್ಯಂಜನದ ಹಿಂದಿನ ಅಥವಾ ಕೊನೆಯ ರಕಾರವನ್ನು ಬಿಡಬೇಕು. ವ್ಯಂಜನವನ್ನು ತಾಳದ ಪೆಟ್ಟಿಗಿಂತ ಕೂದಲೆಳೆಯಷ್ಟು ಮುಂಚೆ ಹೇಳಿ, ಪೆಟ್ಟಿನ ಮೇಲೆ ಸ್ವರ ಬೀಳುವಂತೆ ನೋಡಿಕೊಳ್ಳಬೇಕು. ಕೊನೆಯ ಸಕಾರವನ್ನು ಎಲ್ಲರೂ ಒಂದೇ ಕ್ಷಣದಲ್ಲಿ ಹೇಳದಿದ್ದರೆ ಕೇಳುವವರಿಗೆ ಹಾವು ಬುಸುಗುಟ್ಟಿದಂತಾಗುತ್ತದೆ. ಹೀಗಾಗಿ ‘ಲೈಫ್’ ಎಂಬುದು ‘ಲಾಫ್’ ಎಂದು ಕೇಳಿಸಲು ಅಮೆರಿಕದ ದಕ್ಷಿಣದ ಆ್ಯಕ್ಸೆಂಟೇ ಬೇಕೆಂದಿಲ್ಲ. ಉದ್ದನೆಯ ಯಾವ ಹಾಡುವಿಕೆಯೂ ಅದನ್ನು ಅಲ್ಲಿಗೇ ತಂದು ನಿಲ್ಲಿಸುತ್ತದೆ. ಕಿವಿಮಾತು ಅವರ ವಿವರಣೆಯಲ್ಲಿ ಈ ಒಂದು ಅಂಶಕ್ಕೆ ಮಾತ್ರ ನನ್ನ ತಿದ್ದುಪಡಿಯಿದೆ.

ತರಗತಿಗೆ ನನ್ನ ಸಲಹೆ ಹೀಗಿದೆ. ಹಾಡನ್ನು ಕೇಳಿಸುವ ಮೊದಲು ಅದರ ಸಾಲುಗಳನ್ನು ಅದೇ ತಾಳದಲ್ಲಿ, ರಾಗವಿಲ್ಲದೆ, ಒಂದೇ ಸ್ಥಾಯಿಯಲ್ಲಿ ಮಕ್ಕಳಿಂದ ಓದಿಸಿ. ಯಾವ ಅಕ್ಷರ ಹಿಗ್ಗುತ್ತದೆ, ಯಾವುದು ಮುಂದಿನ ಪದಕ್ಕೆ ಅಂಟುತ್ತದೆ ಎಂಬುದು ಬಾಯಿಗೆ ತಿಳಿದ ಮೇಲೆ ಕಿವಿಗೂ ತಿಳಿಯುತ್ತದೆ. ಕನ್ನಡದಲ್ಲಿ ನಾವು ಇದನ್ನು ದಿನವೂ ಮಾಡುತ್ತೇವೆ: ದಾಸರ ಪದವನ್ನು ತಾಳಕ್ಕೆ ಕೂರಿಸುವಾಗ ಪದ ನಡುವೆ ಒಡೆಯುತ್ತದೆ, ಲಘು ಹಿಗ್ಗಿ ಗುರುವಾಗುತ್ತದೆ, ಆದರೂ ಸಾಹಿತ್ಯ ಪರಿಚಿತವಾದ್ದರಿಂದ ನಮಗೆ ತೊಂದರೆಯಾಗುವುದಿಲ್ಲ. ಕನ್ನಡ ಬಾರದ ಗಾಯಕರು ಳಕಾರವನ್ನು ಲಕಾರ ಮಾಡಿ ಹಾಡಿದರೂ ಅರ್ಥವನ್ನು ನಾವೇ ತುಂಬಿಕೊಳ್ಳುತ್ತೇವಲ್ಲ, ಹಾಗೆಯೇ.

ಕಪ್ಪುಹಲಗೆ

ಮೂವರಿಗೂ ಮನಸಾರೆ ವಂದನೆಗಳು. ನಿನ್ನೆ ತರಗತಿಯಲ್ಲಿ ನಡೆದದ್ದನ್ನು ಬರೆಯಲೇಬೇಕು.

ಇಂಗ್ಲೆಂಡಿನವರೊಬ್ಬರು ‘ಸ್ಕೈ’ ಎಂದು ಉಚ್ಚರಿಸಿದ ಧ್ವನಿಮುದ್ರಣವನ್ನು ನಿಘಂಟಿನ ಆ್ಯಪ್ ಒಂದರಿಂದ ಮೊಬೈಲಿನಲ್ಲಿ ಮುದ್ರಿಸಿಕೊಂಡು, ಮೊದಲಿನ ಸಕಾರವನ್ನು ಮಾತ್ರ ಕತ್ತರಿಸಿದೆ. ಉಳಿದ ಚೂರನ್ನು ತರಗತಿಗೆ ಕೇಳಿಸಿ, ಏನು ಕೇಳಿಸಿತೆಂದು ಕನ್ನಡದಲ್ಲಿ ಬರೆಯಲು ಹೇಳಿದೆ. ಎಲ್ಲರೂ ‘ಕೈ’ ಎಂದು ಬರೆದಿದ್ದರು. ಇಂಗ್ಲಿಷಿನವರಿಗೆ ಇದೇ ಚೂರು ‘ಗೈ’ ಎಂದು ಕೇಳಿಸುತ್ತದೆ ಎಂದಾಗ ಯಾರೂ ನಂಬಲಿಲ್ಲ. ಮತ್ತೆ ಮತ್ತೆ ಹಾಕಿಸಿ ಕೇಳಿದರು. ಆ ಹುಡುಗಿ ಎದ್ದು ನಿಂತು, “ಹಾಗಾದರೆ ಅವರಿಗೆ ಕೇಳಿಸದ್ದು ನಮಗೆ ಕೇಳಿಸುತ್ತಿದೆಯೇ ಮೇಡಂ?” ಎಂದು ಕೇಳಿದಳು. ಹೌದು ಎಂದೆ.

ನಮ್ಮ ‘ನಾಟ್’, ‘ಟಾಪ್’, ‘ಬಾಡಿ’ ಎಂಬ ಉಚ್ಚಾರಗಳು ಇಂಗ್ಲೆಂಡಿನವರಿಗಿಂತ ಅಮೆರಿಕದವರಿಗೇ ಹತ್ತಿರವಾಗಿರುವುದನ್ನೂ ಮಕ್ಕಳೇ ಪತ್ತೆ ಮಾಡಿದರು. ಖಾಲಿ ಬಿಟ್ಟ 12 ಪದಗಳಲ್ಲಿ ಅಂಥ ಮೂರು ಪದಗಳಿದ್ದವು. ಅವುಗಳಲ್ಲಿ ಬಹುತೇಕ ಯಾರೂ ತಪ್ಪಿರಲಿಲ್ಲ. ನಾನು ತಪ್ಪುಗಳನ್ನು ಮಾತ್ರ ಎಣಿಸಿದ್ದರಿಂದ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಅದೇ ಹುಡುಗಿ ಬಾಬ್ ಮಾರ್ಲಿಯವರ ‘ನೋ ವುಮನ್, ನೋ ಕ್ರೈ’ ಹಾಡನ್ನು ತಂದು, “ಇದರ ನಾಲ್ಕೂ ಪದ ಸರಿಯಾಗಿ ಕೇಳಿಸಿದವು, ಆದರೆ ಹೆಣ್ಣಿಲ್ಲದಿದ್ದರೆ ಅಳುವೂ ಇಲ್ಲ ಎಂಬ ಅರ್ಥ ಉಳಿದ ಹಾಡಿಗೆ ಹೊಂದುತ್ತಿಲ್ಲ” ಎಂದಳು.

ಎಡಿನ್‌ಬರೋ ನಿವಾಸಿ

ಅವಳ ಅನುಮಾನ ಸರಿಯಾಗಿದೆ. ಅದು ಜಮೈಕಾದ ಪಾಟ್ವಾ ನುಡಿ. ಎರಡನೆಯ ‘ನೋ’ ಅಲ್ಲಿ ‘ನಃ’ ಎಂಬಂತೆ ಮೊಟಕಾಗಿ ಬರುತ್ತದೆ, ಕ್ರಿಯಾಪದದ ಹಿಂದೆ ನಿಂತು ಬೇಡ ಎಂಬ ಅರ್ಥ ಕೊಡುತ್ತದೆ. ಆ ಸಾಲನ್ನು ಕನ್ನಡದಲ್ಲಿ ಹೇಳುವುದಾದರೆ ‘ಇಲ್ಲ ಕಣೇ, ಅಳಬೇಡ’ ಎಂದಾಗುತ್ತದೆ. ಪದಗಳನ್ನು ಸರಿಯಾಗಿ ಕೇಳಿಸಿಕೊಂಡೂ ಅರ್ಥ ತಪ್ಪಿದವರು ಇಂಗ್ಲಿಷ್ ನಾಡುಗಳಲ್ಲಿಯೂ ಬಹಳ ಮಂದಿ ಇದ್ದಾರೆ. ಹಾಡಿನ ಉಳಿದ ಭಾಗವನ್ನು ಕೇಳಿ, ಇದು ಹೊಂದುತ್ತಿಲ್ಲ ಎಂದು ತಾನಾಗಿಯೇ ಗುರುತಿಸಿದ ಆ ಹುಡುಗಿಗೆ ನನ್ನ ಅಭಿನಂದನೆಗಳನ್ನು ದಯವಿಟ್ಟು ತಿಳಿಸಿ.